ದೋಣಿ ಮನೆ ಸೇರಿದ ಮೇಲೆ



ಈ ಸಲದ ವಿಷಯವನ್ನು ನೋಡಿ ಕೆಲವರು ಹುಬ್ಬೇರಿಸಬಹುದು. ನೀಲಗಿರಿಯ ಗುಡ್ಡದ ಮೇಲೆ ಕೂತುಕೊಂಡು, ಆಟದ ದೋಣಿಯನ್ನು ಚಳಿಗಾಲದಲ್ಲಿ ಹೇಗೆ ಎತ್ತಿಡಬೇಕು ಎಂದು ಬರೆಯುವುದೇ? ಬರೆಯುತ್ತೇವೆ, ಏಕೆಂದರೆ ಕೇಳಿದವರು ನಮ್ಮವರೇ. ನಮ್ಮ ಧರ್ಮಕೇಂದ್ರದ ಎಷ್ಟೋ ಮನೆಗಳ ಮಕ್ಕಳು ಇಂದು ಬ್ರಿಟನ್ನಿನಲ್ಲೋ ಐರ್ಲೆಂಡಿನಲ್ಲೋ ಆಸ್ಪತ್ರೆಗಳಲ್ಲಿ ದುಡಿಯುತ್ತಿದ್ದಾರೆ. ಅವರ ಮಕ್ಕಳು ಅಲ್ಲಿಯ ಆಟಗಳನ್ನೇ ಕಲಿತು ಬೆಳೆಯುತ್ತಾರೆ. ಇತ್ತೀಚೆಗೆ ಒಬ್ಬ ಅಜ್ಜಿ ಹೀಗೆ ಕೇಳಿದರು: “ಅಳಿಯನೂ ಮೊಮ್ಮಗನೂ ಸೇರಿ ಎರಡು ವರ್ಷ ಕೂತು ಒಂದು ದೋಣಿ ಮಾಡಿದ್ದಾರಂತೆ ಫಾದರ್. ಮನೆಯೊಳಗೆ ಜಾಗ ಇಲ್ಲ, ಕಾರು ನಿಲ್ಲಿಸೋ ಗ್ಯಾರೇಜಿನಲ್ಲಿ ಇಡ್ತಾರಂತೆ. ಚಳಿಗೆ ಒಡೆದು ಹೋಗೋದಿಲ್ಲವಾ?” ಈ ಪ್ರಶ್ನೆಗೆ ಒಂದು ಮಾತಿನ ಉತ್ತರ ಸಾಲದು. ಚಳಿಯ ಜೊತೆಗೆ ಇನ್ನೂ ಕೆಲವು ಸಂಗತಿಗಳು ಇದರಲ್ಲಿ ಸೇರಿಕೊಂಡಿವೆ. ಅವುಗಳಲ್ಲಿ ಒಂದಂತೂ ದೋಣಿಗಿಂತ ಮನೆಗೇ ಅಪಾಯ ತರುವಂಥದ್ದು.

ಮೊದಲು ಈ ದೋಣಿ ಎಂಥದ್ದು ಎಂದು ತಿಳಿಯೋಣ. ನಮ್ಮ ಜಾತ್ರೆಯಲ್ಲಿ ಸಿಗುವ, ಬತ್ತಿ ಹಚ್ಚಿದರೆ ಟಪಟಪ ಎನ್ನುತ್ತಾ ನೀರಿನಲ್ಲಿ ಸುತ್ತುವ ತಗಡಿನ ದೋಣಿ ಇದಲ್ಲ. ಮೀನುಗಾರರ ದೋಣಿ, ಯುದ್ಧನೌಕೆ, ಹಾಯಿಹಡಗು, ಇಂಥ ನಿಜವಾದ ಹಡಗುಗಳ ಅಳತೆಯನ್ನು ಇಳಿಸಿ, ತೆಳು ಹಲಗೆಗಳನ್ನು ಒಂದೊಂದಾಗಿ ಅಂಟಿಸಿ ಮಾಡಿದ ಮಾದರಿಗಳು ಇವು. ಒಳಗೆ ಮೋಟಾರು, ಬ್ಯಾಟರಿ, ದಡದಲ್ಲಿ ನಿಂತು ನಡೆಸಲು ರೇಡಿಯೋ ಉಪಕರಣ ಇರುತ್ತವೆ. ಕೆಲವಕ್ಕೆ ನಿಜವಾದ ಉಗಿಯಂತ್ರವೇ ಇರುತ್ತದೆ. ಬ್ರಿಟನ್ನಿನಲ್ಲಿ ಇದು ಹಳೆಯ ಹವ್ಯಾಸ. ಪೂರ್ವ ಲಂಡನ್ನಿನ ವಿಕ್ಟೋರಿಯಾ ಪಾರ್ಕಿನಲ್ಲಿ ಉಗಿದೋಣಿಗಳ ಹವ್ಯಾಸಿಗಳು 1904ರಲ್ಲೇ ಒಂದು ಸಂಘ ಕಟ್ಟಿಕೊಂಡರು. ಕೆನ್ಸಿಂಗ್ಟನ್ ಉದ್ಯಾನದ ರೌಂಡ್ ಪಾಂಡ್ ಎಂಬ ಕೊಳದಲ್ಲಿ ತಲೆಮಾರುಗಳಿಂದ ಮಕ್ಕಳೂ ಮುದುಕರೂ ಪುಟ್ಟ ಹಾಯಿದೋಣಿ ಬಿಡುತ್ತಾ ಬಂದಿದ್ದಾರೆ. ಪ್ಯಾರಿಸ್ಸಿನ ಲಕ್ಸೆಂಬರ್ಗ್ ಉದ್ಯಾನದಲ್ಲಿ ಮರದ ದೋಣಿಗಳನ್ನು ಬಾಡಿಗೆಗೆ ಕೊಡುತ್ತಾರೆ, ಮಕ್ಕಳು ಉದ್ದನೆಯ ಕೋಲಿನಿಂದ ಅವನ್ನು ನೀರಿಗೆ ತಳ್ಳುತ್ತಾರೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಇಂಥ ದೋಣಿಗಳನ್ನು ಇಡಲೆಂದೇ 1954ರಲ್ಲಿ ಕಟ್ಟಿದ ಒಂದು ಚಿಕ್ಕ ದೋಣಿಮನೆ ಇದೆ.

ಎಲ್ಲರಿಗೂ ದೋಣಿಮನೆ ಎಲ್ಲಿಂದ ಬರಬೇಕು? ಬೇಸಗೆಯಲ್ಲಿ ಪ್ರತಿ ಭಾನುವಾರ ಕೆರೆ ಕಂಡ ದೋಣಿ, ಅಕ್ಟೋಬರ್ ಕಳೆಯುತ್ತಿದ್ದಂತೆ ಗ್ಯಾರೇಜಿನ ಮೂಲೆ ಸೇರುತ್ತದೆ. ಹಾಯಿದೋಣಿಯ ಪಂದ್ಯಗಾರರು ಚಳಿಯಲ್ಲೂ ಕೆರೆಗೆ ಹೋಗುವುದುಂಟು. ಉಳಿದವರ ದೋಣಿಗಳಿಗೆ ಮಾರ್ಚ್ ತನಕ ನಿದ್ರೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ನಮ್ಮಲ್ಲಿದೆಯಲ್ಲ, ಇಲ್ಲಿ ದೊಣ್ಣೆ ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಐದು ತಿಂಗಳು ಸದ್ದಿಲ್ಲದೆ ತನ್ನ ಕೆಲಸ ಮಾಡುತ್ತಿರುತ್ತದೆ.

ಅಜ್ಜಿ ಹೇಳಿದಂತೆ ಚಳಿಯೇ ಒಡೆಯುತ್ತದೆಯೇ? ಒಣಗಿದ ಮರಕ್ಕೆ, ಒಣಗಿದ ಬಣ್ಣಕ್ಕೆ ಚಳಿ ಅಷ್ಟಾಗಿ ಏನೂ ಮಾಡುವುದಿಲ್ಲ. ಹಾಳು ಮಾಡುವುದು ತೇವ. ಗಾಳಿಯಲ್ಲಿ ಕಣ್ಣಿಗೆ ಕಾಣದ ನೀರು ಇದ್ದೇ ಇರುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ಅದೇ ಗಾಳಿ ಸೊನ್ನೆ ಡಿಗ್ರಿಗೆ ತಣಿದರೆ 5 ಗ್ರಾಂ ಕೂಡ ಹಿಡಿಯದು. ಮಿಕ್ಕ ನೀರು ಎಲ್ಲಿಗೆ ಹೋಗಬೇಕು? ತಣ್ಣಗಿರುವ ಲೋಹದ ಮೇಲೆ, ಗಾಜಿನ ಮೇಲೆ, ದೋಣಿಯ ಮೋಟಾರಿನ ಮೇಲೆ ಹನಿಯಾಗಿ ಕೂರುತ್ತದೆ. ಡಿಸೆಂಬರ್ ಬೆಳಿಗ್ಗೆ ನಮ್ಮ ತಗಡಿನ ಮಾಡುಗಳಿಂದ ಒಳಗಡೆಗೆ ಹನಿ ತೊಟ್ಟಿಕ್ಕುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿಯ ಗ್ಯಾರೇಜಿನಲ್ಲಿ ಈ ತೇವಕ್ಕೆ ಇನ್ನಷ್ಟು ಬೆಂಬಲ ಸಿಗುತ್ತದೆ. ಮಳೆಯಲ್ಲಿ ನೆನೆದ ಕಾರನ್ನು ಬಿಸಿ ಎಂಜಿನ್ ಸಮೇತ ಒಳಗೆ ತಂದು ಬಾಗಿಲು ಹಾಕುತ್ತಾರೆ. ಆ ನೀರೆಲ್ಲ ಆವಿಯಾಗಿ ಒಳಗೇ ಸುತ್ತುತ್ತದೆ. ರಸ್ತೆಯ ಹಿಮ ಕರಗಲೆಂದು ಅಲ್ಲಿ ಉಪ್ಪು ಎರಚುವ ರೂಢಿಯಿದೆ. ಆ ಉಪ್ಪುನೀರು ಕಾರಿನಡಿಯಿಂದ ನೆಲಕ್ಕೆ ತೊಟ್ಟಿಕ್ಕುತ್ತದೆ. ಸಿಮೆಂಟಿನ ನೆಲವೂ ಮಣ್ಣಿನ ತೇವವನ್ನು ಮೇಲಕ್ಕೆಳೆಯುತ್ತದೆ. ಬಟ್ಟೆ ಒಣಗಿಸುವ ಯಂತ್ರವನ್ನು ಗ್ಯಾರೇಜಿನಲ್ಲೇ ಇಟ್ಟುಕೊಂಡವರ ಮನೆಯಲ್ಲಂತೂ ಕೇಳುವುದೇ ಬೇಡ. ಹೀಗಾಗಿ ದೋಣಿಯನ್ನು ನೆಲದ ಮೇಲೆ ಇಡಲೇಬಾರದು, ದೊಡ್ಡ ಬಾಗಿಲಿನ ಪಕ್ಕದಲ್ಲೂ ಬೇಡ. ಮನೆಗೆ ಅಂಟಿಕೊಂಡಿರುವ ಒಳಗೋಡೆಯ ಮೇಲೆ, ಎದೆಯ ಎತ್ತರಕ್ಕೆ ಒಂದು ಹಲಗೆ ಹೊಡೆದು ಅದರ ಮೇಲೆ ಇಡುವುದು ಒಳ್ಳೆಯದು. ಆ ಗೋಡೆ ಉಳಿದವುಗಳಿಗಿಂತ ಸ್ವಲ್ಪ ಬೆಚ್ಚಗಿರುತ್ತದೆ.

ಚಳಿ ಎಂದು ಸೀಮೆಎಣ್ಣೆಯ ಹೀಟರು ಹಚ್ಚಿಡುವವರೂ ಇದ್ದಾರೆ. ಒಂದು ಲೀಟರ್ ಸೀಮೆಎಣ್ಣೆ ಉರಿದರೆ ಹೆಚ್ಚು ಕಡಿಮೆ ಒಂದು ಲೀಟರ್ ನೀರೇ ಆವಿಯಾಗಿ ಗಾಳಿಗೆ ಸೇರುತ್ತದೆ ಎಂದರೆ ನಂಬುವುದು ಕಷ್ಟ, ಆದರೂ ಸತ್ಯ. ದೋಣಿಯನ್ನು ಬೆಚ್ಚಗಿಡಲು ಹೋಗಿ ಅದಕ್ಕೆ ಸ್ನಾನ ಮಾಡಿಸಿದಂತಾಯಿತು! ಮುಚ್ಚಿದ ಕೋಣೆಯಲ್ಲಿ ಉಸಿರಿಗೂ ಅದು ಕೇಡು.

ಇನ್ನು ಬ್ಯಾಟರಿ. ಇದನ್ನು ದಯವಿಟ್ಟು ಗಮನವಿಟ್ಟು ಓದಿ. ದೂರದ ಮಕ್ಕಳಿಗೆ ಫೋನಿನಲ್ಲಿ ಓದಿ ಹೇಳಿದರೂ ಸರಿ. ಈಗಿನ ವೇಗದ ದೋಣಿಗಳಲ್ಲಿ ಲಿಥಿಯಂ ಪಾಲಿಮರ್ ಎಂಬ ಬ್ಯಾಟರಿ ಇರುತ್ತದೆ, ಹವ್ಯಾಸಿಗಳು ಅದನ್ನು ಲಿಪೋ ಎನ್ನುತ್ತಾರೆ. ಹಗುರ, ಬಲಶಾಲಿ, ಆದರೆ ಮುಂಗೋಪಿ. ಅದರ ಒಂದೊಂದು ಕೋಶವೂ ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್ ಇರುತ್ತದೆ. ಹೊಟ್ಟೆ ತುಂಬಿದ ಆ ಸ್ಥಿತಿಯಲ್ಲೇ ತಿಂಗಳುಗಟ್ಟಲೆ ಇಟ್ಟರೆ ಒಳಗಿನ ರಸಾಯನ ಕೆಡುತ್ತದೆ. ಕೋಶ ಪೂರಿಯಂತೆ ಉಬ್ಬಲೂಬಹುದು. ಹಾಗೆಂದು ಪೂರ್ತಿ ಬರಿದು ಮಾಡಿ ಇಟ್ಟರೆ? ಒಂದು ಕೋಶ 3 ವೋಲ್ಟಿಗಿಂತ ಕೆಳಗಿಳಿದರೆ ಅದಕ್ಕೂ ಹಾನಿ. ಚಳಿಗಾಲದ ನಿದ್ರೆಗೆ ಸರಿಯಾದ ಮಟ್ಟ ಕೋಶಕ್ಕೆ ಸುಮಾರು 3.8 ವೋಲ್ಟ್, ಎಂದರೆ ಅರ್ಧ ಹೊಟ್ಟೆ. ಒಳ್ಳೆಯ ಚಾರ್ಜರುಗಳಲ್ಲಿ ಇದಕ್ಕೆಂದೇ ‘ಸ್ಟೋರೇಜ್’ ಎಂಬ ಒಂದು ಆಯ್ಕೆ ಇರುತ್ತದೆ. ಅದನ್ನು ಒತ್ತಿದರೆ ಸಾಕು, ತುಂಬಿದ್ದನ್ನು ಇಳಿಸಿ, ಇಳಿದದ್ದನ್ನು ಏರಿಸಿ ಅದೇ ಸರಿಮಾಡುತ್ತದೆ.

ಆಮೇಲೆ ಬ್ಯಾಟರಿಯನ್ನು ದೋಣಿಯಿಂದ ಹೊರಗೆ ತೆಗೆಯಬೇಕು. ಸ್ವಿಚ್ ಆರಿಸಿದರೆ ಸಾಕು ಎನ್ನಬೇಡಿ. ತಂತಿಯಲ್ಲಿ ತಗಲಿಕೊಂಡೇ ಇದ್ದರೆ ಒಳಗಿನ ಯಾವುದೋ ಸಣ್ಣ ಭಾಗ ಹನಿಹನಿಯಾಗಿ ಹೀರುತ್ತಲೇ ಇರುತ್ತದೆ. ತೆಗೆದ ಬ್ಯಾಟರಿ ಎಲ್ಲಿರಬೇಕು? ಮಲಗುವ ಕೋಣೆಯಲ್ಲಿ ಖಂಡಿತ ಬೇಡ. ಮೆಟ್ಟಿಲಡಿಯಲ್ಲಿ, ಹೊರಬಾಗಿಲ ಹತ್ತಿರ, ಎಂದರೆ ಬೆಂಕಿ ಬಿದ್ದರೆ ಮನೆಯವರು ಓಡಬೇಕಾದ ದಾರಿಯಲ್ಲಿ ಅದಕ್ಕಿಂತಲೂ ಬೇಡ. ಅಲ್ಲಿಯ ಅನೇಕ ಮನೆಗಳಲ್ಲಿ ಗ್ಯಾರೇಜಿನಿಂದ ನೇರವಾಗಿ ಮನೆಯೊಳಕ್ಕೆ ಒಂದು ಬಾಗಿಲಿರುತ್ತದೆ. ಅದರ ಪಕ್ಕದ ಶೆಲ್ಫೇ ಕೈಗೆ ಸಿಗುವ ಜಾಗ, ಎಲ್ಲರೂ ಅಲ್ಲೇ ಇಡುವುದು. ಅದು ತಪ್ಪು ಜಾಗ. ಬ್ಯಾಟರಿಗಳನ್ನು ಬೆಂಕಿ ತಡೆಯುವ ಚೀಲದಲ್ಲಿ ಹಾಕಿ, ಬಿಗಿಯಾಗಿ ಮುಚ್ಚದ ಒಂದು ಲೋಹದ ಪೆಟ್ಟಿಗೆಯಲ್ಲಿಟ್ಟು, ಪೆಟ್ರೋಲ್, ಬಣ್ಣ, ಥಿನ್ನರ್, ಹಳೆಯ ಪೇಪರ್ ಇವುಗಳಿಂದ ದೂರದ ಸಿಮೆಂಟಿನ ಮೂಲೆಯಲ್ಲಿಡಬೇಕು. ಪೆಟ್ಟಿಗೆಗೆ ಗಾಳಿ ಬಿಡದಂತೆ ಬೀಗ ಜಡಿದರೆ, ಒಳಗೆ ಹೊತ್ತಿಕೊಂಡಾಗ ಅನಿಲ ಹೋಗಲು ದಾರಿಯಿಲ್ಲದೆ ಪೆಟ್ಟಿಗೆಯೇ ಸಿಡಿಯಬಹುದು.

ಚಾರ್ಜ್ ಮಾಡುವ ವಿಷಯದಲ್ಲಿ ಇನ್ನೊಂದು ಮಾತು. ಸೊನ್ನೆ ಡಿಗ್ರಿಗಿಂತ ಕೆಳಗಿರುವ ಗ್ಯಾರೇಜಿನಲ್ಲಿ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಲೇಬಾರದು. ಆ ತಣುಪಿನಲ್ಲಿ ಲಿಥಿಯಂ ಒಳಗೆ ಸೇರಬೇಕಾದ ಕಡೆ ಸೇರದೆ ಲೋಹದ ಪದರವಾಗಿ ಕೂರುತ್ತದೆ. ಮುಂದೊಂದು ದಿನ ಅದೇ ಒಳಗಿಂದೊಳಗೆ ಶಾರ್ಟ್ ಆಗಲು ಕಾರಣವಾಗಬಹುದು. ತಣ್ಣಗೆ ಇಡಬಹುದು, ತಣ್ಣಗಿದ್ದಾಗ ತುಂಬಿಸಬಾರದು. ಚಾರ್ಜ್ ಮಾಡುವಾಗ ಮನುಷ್ಯರು ಎಚ್ಚರವಾಗಿ ಹತ್ತಿರವಿರಬೇಕು. ರಾತ್ರಿ ಹಚ್ಚಿ ಮಲಗುವ ಅಭ್ಯಾಸ ಬಿಡಬೇಕು. ಉಬ್ಬಿದ ಬ್ಯಾಟರಿಯನ್ನು ಚುಚ್ಚುವುದು, ಒತ್ತುವುದು, ಕಸದ ಬುಟ್ಟಿಗೆ ಎಸೆಯುವುದು ಮಾಡದೆ ಊರಿನ ಮರುಬಳಕೆ ಕೇಂದ್ರಕ್ಕೆ ಕೊಡಬೇಕು. ಗ್ಯಾರೇಜಿನಲ್ಲಿ ಹೊಗೆ ಗುರುತಿಸುವ ಅಲಾರಂ ಕಾರಿನ ಹೊಗೆಗೇ ಕೂಗಿಕೊಳ್ಳುವುದರಿಂದ, ಶಾಖ ಗುರುತಿಸುವ ಅಲಾರಂ ಅಲ್ಲಿಗೆ ಹೊಂದುತ್ತದೆ. ಅಷ್ಟಾಗಿಯೂ ಹೊತ್ತಿಕೊಂಡರೆ ದೋಣಿಯನ್ನು ಉಳಿಸಲು ಓಡಬಾರದು. ಮಕ್ಕಳನ್ನು ಕರೆದುಕೊಂಡು ಹೊರಗೆ ಬಂದು, ಬಾಗಿಲು ಎಳೆದುಕೊಂಡು, ಬ್ರಿಟನ್ನಿನಲ್ಲಾದರೆ 999ಕ್ಕೆ ಫೋನ್ ಮಾಡಬೇಕು. ಎರಡು ವರ್ಷದ ಕೆಲಸವಲ್ಲವೇ ಎಂದು ಅಪ್ಪನೂ ಮಗನೂ ತಿರುಗಿ ನುಗ್ಗುವ ಗಳಿಗೆಯನ್ನು ನೆನೆದೇ ನಾವು ಇಷ್ಟು ಉದ್ದ ಬರೆದದ್ದು.

ಹಳೆಯ ಮಾದರಿಯ ನಿಧಾನದ ದೋಣಿಗಳಲ್ಲಿ ಸೀಸ-ಆಮ್ಲದ ಬ್ಯಾಟರಿ ಇರುತ್ತದೆ. ನಮ್ಮ ಮನೆಗಳ ಇನ್ವರ್ಟರಿನ ಬ್ಯಾಟರಿಗೆ ಅದು ಚಿಕ್ಕ ತಮ್ಮ. ಇದರ ಗುಣ ಲಿಥಿಯಂಗೆ ತದ್ವಿರುದ್ಧ. ಇದನ್ನು ಹೊಟ್ಟೆ ತುಂಬಿಸಿಯೇ ಇಡಬೇಕು, ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ತುಂಬಿಸಬೇಕು. ಬರಿದಾದ ಬ್ಯಾಟರಿಯ ಆಮ್ಲ ತೆಳುವಾಗಿ ಬರೀ ನೀರಿನ ಹತ್ತಿರ ಬರುವುದರಿಂದ ಚಳಿಗೆ ಹೆಪ್ಪುಗಟ್ಟಿ ಪೆಟ್ಟಿಗೆ ಬಿರಿಯುವುದೂ ಉಂಟು. ದಡದಲ್ಲಿ ಕೈಯಲ್ಲಿ ಹಿಡಿಯುವ ರೇಡಿಯೋದೊಳಗಿನ ಪೆನ್ಸಿಲ್ ಸೆಲ್ಲುಗಳನ್ನು ಮಾತ್ರ ಯಾವ ಲೆಕ್ಕವೂ ಇಲ್ಲದೆ ತೆಗೆದುಬಿಡಿ. ಅವು ಸೋರಿ ಹಿತ್ತಾಳೆಯ ಪಟ್ಟಿಗಳನ್ನು ತಿಂದುಹಾಕುತ್ತವೆ. ನಮ್ಮ ಮನೆಯ ಗೋಡೆ ಗಡಿಯಾರ, ಟಿ.ವಿ. ರಿಮೋಟುಗಳಲ್ಲೂ ಇದೇ ಆಗುವುದು.

ಅಜ್ಜಿಯ ಭಯ ನಿಜವಾಗುವುದು ಉಗಿದೋಣಿಯಲ್ಲಿ. ನೀರು ಮಂಜುಗಡ್ಡೆಯಾಗುವಾಗ ಸುಮಾರು ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದೆ. ತಾಮ್ರದ ಪುಟ್ಟ ಬಾಯ್ಲರಿನಲ್ಲಿ, ಅದರ ಕೊಳವೆಗಳಲ್ಲಿ, ನೀರಿನ ಮಟ್ಟ ತೋರಿಸುವ ಗಾಜಿನ ನಳಿಕೆಯಲ್ಲಿ ಸ್ವಲ್ಪ ನೀರು ಉಳಿದರೂ ಒಂದೇ ರಾತ್ರಿಯ ಹಿಮ ಬೆಸುಗೆಯನ್ನು ಬಿಡಿಸಬಲ್ಲದು. ಹೊರಗಿನಿಂದ ಬಿರುಕು ಕಾಣದು. ವಸಂತದಲ್ಲಿ ಉಗಿ ಏರಿಸಿದಾಗಲೇ ಗೊತ್ತಾಗುವುದು. ಉಗಿ ತುಂಬಿದ ಬಾಯ್ಲರ್ ಸೋರುವುದು ಮಕ್ಕಳ ಮುಖದ ಹತ್ತಿರ ಆಡುವ ಆಟವಲ್ಲ. ಅನುಭವಸ್ಥರು ಋತುವಿನ ಕೊನೆಯ ಓಟದ ಬಳಿಕ, ಒತ್ತಡವೆಲ್ಲ ಇಳಿದ ಮೇಲೆ, ಬಾಯ್ಲರ್ ಇನ್ನೂ ಬೆಚ್ಚಗಿರುವಾಗಲೇ ನೀರು ಬಸಿದುಬಿಡುತ್ತಾರೆ. ಉಳಿದ ಶಾಖಕ್ಕೆ ಒಳಗೋಡೆ ತಾನಾಗಿ ಒಣಗುತ್ತದೆ. ಬಿರಡೆಯನ್ನು ತೆರೆದೇ ಬಿಡುತ್ತಾರೆ. ಉಗಿಗೆ ಎಣ್ಣೆ ಬೆರೆಸುವ ಒಂದು ಪುಟ್ಟ ಡಬ್ಬಿ ಇರುತ್ತದೆ. ಅದರಲ್ಲಿ ಉಗಿ ತಣಿದು ನೀರಾಗಿ ಎಣ್ಣೆಯ ಅಡಿಗೆ ಸೇರಿರುತ್ತದೆ. ಮೇಲೆ ಎಣ್ಣೆ ಕಾಣುವುದರಿಂದ ಅದನ್ನು ಮರೆಯುವವರೇ ಹೆಚ್ಚು. ಅನಿಲದ ಡಬ್ಬಗಳನ್ನು ಬಾಯ್ಲರಿನ ಜೊತೆ ದೋಣಿಯೊಳಗೇ ಬಿಡಬಾರದು ಎಂದು ಬೇರೆ ಹೇಳಬೇಕಾಗಿಲ್ಲ.

ಎಣ್ಣೆ ಎಂಜಿನ್ನಿನ ದೋಣಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸದ್ದು ಹೆಚ್ಚೆಂದು ಎಷ್ಟೋ ಕೆರೆಗಳಲ್ಲಿ ಅವಕ್ಕೆ ಬಿಡುವುದೂ ಇಲ್ಲ. ಮೆಥನಾಲ್ ಇಂಧನ ಗಾಳಿಯ ತೇವವನ್ನು ಹೀರಿ ಬೇರಿಂಗುಗಳಿಗೆ ತುಕ್ಕು ಹಿಡಿಸುತ್ತದೆ. ಟ್ಯಾಂಕ್ ಬರಿದು ಮಾಡಿ, ಎಂಜಿನ್ನಿನಲ್ಲಿ ಉಳಿದದ್ದನ್ನು ಉರಿಸಿ ಮುಗಿಸಿ, ನಾಲ್ಕು ಹನಿ ಎಣ್ಣೆ ಬಿಟ್ಟು ಕೈಯಿಂದ ತಿರುಗಿಸಿದರೆ ಆಯಿತು.

ಮರದ ಒಡಲಿಗೆ ಬೇಕಾದದ್ದು ಗಾಳಿ. ಕೆರೆಯಿಂದ ತಂದ ದಿನವೇ ಹೊರಮೈಯನ್ನು ಸಿಹಿನೀರಿನಲ್ಲಿ ಒರೆಸಿ, ಮೇಲಿನ ಮುಚ್ಚಳ ತೆಗೆದು ಒಳಗಿನ ನೀರನ್ನು ಸ್ಪಂಜಿನಿಂದ ಹೀರಿ, ಮನೆಯೊಳಗೆ ಒಂದು ವಾರ ಹಾಗೇ ತೆರೆದಿಡಬೇಕು. ಎತ್ತಿಡುವಾಗಲೂ ಮುಚ್ಚಳವನ್ನು ಸ್ವಲ್ಪ ಓರೆಯಾಗಿ ಬಿಟ್ಟರೆ ಒಳ್ಳೆಯದು. ಜೋಪಾನ ಮಾಡುತ್ತೇವೆಂದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಟೇಪು ಹಚ್ಚುವುದು ಅತಿ ಪ್ರೀತಿಯ ತಪ್ಪು. ಒಳಗಿದ್ದ ತೇವ ಹೊರಗೆ ಹೋಗಲಾರದೆ ಅಲ್ಲೇ ಬೂಷ್ಟು ಬೆಳೆಸುತ್ತದೆ. ಗುಳ್ಳೆ ಗುಳ್ಳೆಯ ಪ್ಲಾಸ್ಟಿಕ್ ಹಾಳೆಯಂತೂ ವಾರ್ನಿಷಿನ ಮೇಲೆ ತನ್ನ ಗುಳ್ಳೆಗಳ ಅಚ್ಚನ್ನೇ ಬಿಟ್ಟುಹೋಗುತ್ತದೆ. ಹಳೆಯ ಹತ್ತಿಯ ಬೆಡ್‌ಶೀಟಿಗಿಂತ ಉತ್ತಮವಾದ ಹೊದಿಕೆ ಇಲ್ಲ, ಅದು ದೂಳನ್ನು ತಡೆಯುತ್ತದೆ, ಉಸಿರನ್ನು ತಡೆಯುವುದಿಲ್ಲ.

ದೋಣಿ ಕೂರುವ ಪೀಠ ಅದರ ಒಡಲಿನ ಆಕಾರಕ್ಕೇ ಕೊರೆದಿರಬೇಕು. ಒಳಗೆ ಅಡ್ಡಹಲಗೆಗಳು ಎಲ್ಲಿವೆಯೋ ಅಲ್ಲಿಗೇ ಆಸರೆ ಬರಬೇಕು. ಎರಡು ತುದಿಗಳಲ್ಲಿ ಮಾತ್ರ ಆಸರೆ ಕೊಟ್ಟರೆ ಐದು ತಿಂಗಳಲ್ಲಿ ನಡುಭಾಗ ಜೋತುಬೀಳಬಹುದು. ಮೀಟರುದ್ದದ ಪಂದ್ಯದ ಹಾಯಿದೋಣಿಗಳ ವರ್ಗವೊಂದು 1988ರಿಂದ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅವುಗಳ ಅಡಿಯಲ್ಲಿ ಈಜುರೆಕ್ಕೆಯಂಥ ಪಟ್ಟಿಯೂ ಅದರ ತುದಿಗೆ ಭಾರದ ಸೀಸದ ಗುಂಡೂ ಇರುತ್ತವೆ. ಅದನ್ನು ಬಿಚ್ಚಿ ಬೇರೆ ಇಡುವುದು ವಾಸಿ. ಹಾಯಿಗಳನ್ನು ಮಡಚಬಾರದು, ಮಡಿಕೆಯ ಗೆರೆ ಗಾಳಿಗೆ ನಿಲ್ಲುವುದಿಲ್ಲ. ಕಂಬವನ್ನು ಬಿಗಿಹಿಡಿದ ದಾರಗಳನ್ನು ಸಡಿಲಿಸಿ, ಹಾಯಿಗಳನ್ನು ಒಣಗಿಸಿ ಚಪ್ಪಟೆಯಾಗಿಯೋ ದೊಡ್ಡ ರಟ್ಟಿನ ಕೊಳವೆಗೆ ಸುತ್ತಿಯೋ ಇಡಬೇಕು.

ಇಷ್ಟೆಲ್ಲ ಮಾಡಿ ಇಲಿಯನ್ನು ಮರೆಯಬಾರದು. ಚಳಿಗೆ ಬೆಚ್ಚನೆ ಜಾಗ ಹುಡುಕುವ ಸುಂಡಿಲಿಗೆ ಒಂದು ಪೆನ್ಸಿಲ್ ತೂರುವಷ್ಟು ಸಂದು ಸಾಕು. ಸ್ಪಂಜು ಹಾಸಿದ, ಮುಚ್ಚಳವಿರುವ ದೋಣಿ ಅದಕ್ಕೆ ಬಾಡಿಗೆಯಿಲ್ಲದ ಬಂಗಲೆ. ಹಾಯಿ ಕಡಿದು ಗೂಡು ಕಟ್ಟುತ್ತದೆ, ತಂತಿಯ ಹೊದಿಕೆ ಕಡಿದು ಹಲ್ಲು ಮಸೆಯುತ್ತದೆ. ಓರೆಯಾಗಿ ಬಿಟ್ಟ ಮುಚ್ಚಳದ ಬಾಯಿಗೆ ಸಣ್ಣ ಕಣ್ಣಿನ ಲೋಹದ ಜಾಲರಿ ಹಾಕಬೇಕು. ಅದೇ ಶೆಲ್ಫಿನ ಮೇಲೆ ಹಕ್ಕಿಗೆ ಹಾಕುವ ಕಾಳಿನ ಚೀಲ, ಹುಲ್ಲಿನ ಬೀಜ ಇಡಬಾರದು. ಇಲಿ ಬರುವುದು ದೋಣಿಗಾಗಿ ಅಲ್ಲ, ಕಾಳಿಗಾಗಿ.

ಇಲ್ಲಿರುವ ನಾವು ಇದನ್ನೆಲ್ಲ ಓದಿ ಏನು ಮಾಡಬೇಕು? ಕಾಂದಲ್, ತಲೈಕುಂದಾ ಕಡೆಯ ತಗ್ಗುಗಳಲ್ಲಿ ಹುಲ್ಲಿನ ಮೇಲೆ ಬಿಳಿ ಹಿಮ ಕೂರುವುದನ್ನೂ, ಅದಕ್ಕೆ ಚಹಾದ ಚಿಗುರು ಕರಕಲಾಗುವುದನ್ನೂ ನಾವು ಬಲ್ಲೆವು. ಆದರೆ ನಮ್ಮ ವಸ್ತುಗಳಿಗೆ ನಿಜವಾದ ‘ಚಳಿಗಾಲ’ ಬರುವುದು ಜೂನ್ ತಿಂಗಳಿನಲ್ಲಿ, ಮಳೆಯೊಂದಿಗೆ. ಕ್ರಿಸ್ಮಸ್ ಕಳೆದ ಮೇಲೆ ಗೋದಲಿಯ ಬೊಂಬೆಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಅಟ್ಟಕ್ಕೆ ಎಸೆದು, ಮುಂದಿನ ಡಿಸೆಂಬರಿನಲ್ಲಿ ಕುರಿಯ ಕಿವಿ ಉದುರಿದೆ, ಬಣ್ಣ ಎದ್ದಿದೆ ಎಂದು ಹೊಸದನ್ನು ಕೊಳ್ಳುವ ಮನೆಗಳು ಎಷ್ಟಿಲ್ಲ? ಮಿಣುಕು ದೀಪದ ಸರಗಳು, ಹಾರ್ಮೋನಿಯಂ, ಗಿಟಾರು, ಹಳೆಯ ಮದುವೆ ಫೋಟೋಗಳ ಆಲ್ಬಂ, ಇವೆಲ್ಲವೂ ಆ ದೋಣಿಯಂತೆಯೇ. ಒಣಗಿಸಿ, ಹತ್ತಿಬಟ್ಟೆಯಲ್ಲಿ ಸುತ್ತಿ, ನೆಲದಿಂದಲೂ ಹೊರಗೋಡೆಯಿಂದಲೂ ದೂರವಿಟ್ಟು, ಮಳೆ ಬಿಡುವು ಕೊಟ್ಟ ಬಿಸಿಲಿನ ದಿನ ಒಮ್ಮೆ ತೆರೆದು ನೋಡಿ. ಔಷಧಿ ಡಬ್ಬಿಗಳಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ, ಮಕ್ಕಳ ಕೈಗೆ ಸಿಗದಂತೆ ಕೂಡಿಟ್ಟರೆ ಮುಚ್ಚಿದ ಡಬ್ಬಿಗಳಿಗೆ ಉಪಯೋಗಕ್ಕೆ ಬರುತ್ತವೆ. ತೆರೆದ ಗ್ಯಾರೇಜಿಗೋ ಅಟ್ಟಕ್ಕೋ ಅವು ಸಾಲವು.

ಮಾರ್ಚ್ ಬಂದಾಗ ಗ್ಯಾರೇಜಿನ ದೋಣಿಯನ್ನು ನೇರವಾಗಿ ಬೆಚ್ಚನೆಯ ಕೋಣೆಗೆ ತಂದು ಹೊದಿಕೆ ತೆಗೆಯಬಾರದು. ತಣ್ಣನೆಯ ಮೈಮೇಲೆ ತಕ್ಷಣ ಹನಿ ಕೂರುತ್ತದೆ. ಹೊದಿಕೆಯೊಳಗೇ ಕೆಲವು ಗಂಟೆ ಬಿಟ್ಟು ಕೋಣೆಯ ಶಾಖಕ್ಕೆ ಹೊಂದಿಸಬೇಕು. ಪ್ರೊಪೆಲ್ಲರನ್ನು ಬೆರಳಿನಿಂದ ತಿರುಗಿಸಿ ನೋಡಿ, ದಂಡಕ್ಕೆ ಹೊಸ ಗ್ರೀಸ್ ತುಂಬಿ, ಬ್ಯಾಟರಿಯನ್ನು ಕಣ್ಣೆದುರಿಗೇ ಚಾರ್ಜ್ ಮಾಡಿ, ರೇಡಿಯೋ ಎಷ್ಟು ದೂರಕ್ಕೆ ಮಾತು ಕೇಳುತ್ತದೆ ಎಂದು ನೆಲದ ಮೇಲೆಯೇ ಪರೀಕ್ಷಿಸಬೇಕು. ಆಮೇಲೆ ಮನೆಯ ಸ್ನಾನದ ತೊಟ್ಟಿಯಲ್ಲಿ ಅರ್ಧ ಗಂಟೆ ತೇಲಿಬಿಟ್ಟು, ಎತ್ತಿ ಒಳಗೆ ಕೈಯಾಡಿಸಿದರೆ ಒದ್ದೆಯೋ ಒಣವೋ ಗೊತ್ತಾಗುತ್ತದೆ. ಒಣವಾಗಿದ್ದರೆ ಮುಂದಿನ ಭಾನುವಾರ, ಪೂಜೆ ಮುಗಿಸಿ, ಕೆರೆಗೆ.